ಡಚ್ ಜಲವರ್ಣದಲ್ಲಿ ಬಡಮನೆಯ ಬಾಲ್ಯ

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಾಯಿ, ಅವಳ ಮಡಿಲಲ್ಲಿ ಕೂಸು, ಕಾಲ ಬಳಿ ಬಟ್ಟಲು ಹಿಡಿದು ಕುಳಿತ ಇನ್ನೊಂದು ಮಗು, ಅರೆಗತ್ತಲ ಮೂಲೆಯಲ್ಲೊಂದು ಬೆತ್ತದ ತೊಟ್ಟಿಲು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ನೆದರ್ಲ್ಯಾಂಡ್ಸಿನ ಕಲಾವಿದರು ಬರೆದ ಜಲವರ್ಣ ಚಿತ್ರಗಳಲ್ಲಿ ಈ ದೃಶ್ಯ ಮತ್ತೆ ಮತ್ತೆ ಎದುರಾಗುತ್ತದೆ. ಒಂದರಲ್ಲಿ ತಾಯಿ ಮಗುವಿಗೆ ಗಂಜಿ ಕುಡಿಸುತ್ತಾಳೆ, ಇನ್ನೊಂದರಲ್ಲಿ ಅಕ್ಕ ತಮ್ಮನಿಗೆ ಹೆಜ್ಜೆ ಹಾಕಲು ಕಲಿಸುತ್ತಾಳೆ, ಮತ್ತೊಂದರಲ್ಲಿ ಹುಡುಗಿ ಹೆಣಿಗೆ ಹಿಡಿದು ಒಲೆಯ ಹತ್ತಿರ ಕುಳಿತಿದ್ದಾಳೆ. ಮನೆ ಬೆಸ್ತರದೋ ರೈತರದೋ ನೇಕಾರರದೋ ಆಗಿರುತ್ತದೆ, ಉಳ್ಳವರದಾಗಿರುವುದು ಅಪರೂಪ. ಈ ಚಿತ್ರಗಳ ಹುಟ್ಟು ಮುಖ್ಯವಾಗಿ ಎರಡು ಕಡೆ: ಹೇಗ್ ನಗರಕ್ಕೆ ಅಂಟಿಕೊಂಡ ಸ್ಖೆವೆನಿಂಗೆನ್ ಎಂಬ ಕಡಲತೀರದ ಊರು ಮತ್ತು ಆಮ್‌ಸ್ಟರ್‌ಡ್ಯಾಮಿನ ಆಗ್ನೇಯಕ್ಕಿರುವ ಲಾರೆನ್ ಹಳ್ಳಿ.

ಮನೆಯೊಳಗಿನ ಮಗುವನ್ನು ಚಿತ್ರಕ್ಕೆ ತರುವುದು ಡಚ್ಚರಿಗೆ ಹೊಸದಾಗಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿಯೇ ಪೀಟರ್ ದ ಹೋಖ್ ಮಗುವಿನ ತಲೆಯಲ್ಲಿ ಹೇನು ಹುಡುಕುವ ತಾಯಿಯನ್ನು ಬರೆದಿದ್ದ. ಖಾಬ್ರಿಯೆಲ್ ಮೆಟ್ಸು ಜ್ವರ ಬಂದ ಮಗು ಮಡಿಲಲ್ಲಿ ಸೋತು ಕುಳಿತಿರುವುದನ್ನು ಬರೆದ. ಯಾನ್ ಸ್ಟೇನ್‌ನ ಸೇಂಟ್ ನಿಕೊಲಾಸ್ ಹಬ್ಬದ ಚಿತ್ರದಲ್ಲಿ ಗೊಂಬೆ ಸಿಕ್ಕ ಹುಡುಗಿ ಹಿಗ್ಗಿದರೆ, ಸಿಹಿಯ ಬದಲು ಬರಲುಕಡ್ಡಿ ಸಿಕ್ಕ ಹುಡುಗ ಅಳುತ್ತಾನೆ. ಅವೆಲ್ಲ ತೈಲವರ್ಣಗಳು; ಅವುಗಳ ಮನೆಗಳು ಬಹುಮಟ್ಟಿಗೆ ನೆಮ್ಮದಿಯ ನಗರವಾಸಿಗಳವು. ತೊಳೆದ ನೆಲ, ಹೊಳೆಯುವ ಹಿತ್ತಾಳೆ, ಒಪ್ಪವಾಗಿ ಮಡಿಸಿಟ್ಟ ಬಟ್ಟೆ, ಇವುಗಳ ನಡುವೆ ಮಗುವನ್ನು ತಿದ್ದಿ ಬೆಳೆಸುವುದೂ ಗೃಹಕೃತ್ಯದ ಒಂದು ಭಾಗವಾಗಿ ತೋರುತ್ತದೆ. ಇನ್ನೂರು ವರ್ಷಗಳ ನಂತರದ ಕಲಾವಿದರು ಆ ಬೆಳಕಿನ ಕಿಟಕಿಯನ್ನೂ ಆ ಮಡಿಲನ್ನೂ ಉಳಿಸಿಕೊಂಡರು. ಮನೆಯನ್ನು ಮಾತ್ರ ಬದಲಿಸಿದರು.

ಕಾಗದದ ಮೇಲಿನ ಚಿತ್ರಕ್ಕೂ ಅಲ್ಲಿ ಹಳೆಯ ನೆಲೆಯಿತ್ತು. ಹದಿನೆಂಟನೆಯ ಶತಮಾನದಿಂದಲೂ ಕಲಾಪ್ರಿಯ ಡಚ್ಚರು ಬಣ್ಣ ಹಾಕಿದ ರೇಖಾಚಿತ್ರಗಳನ್ನು ದೊಡ್ಡ ಕಡತಗಳಲ್ಲಿ ಕೂಡಿಡುತ್ತಿದ್ದರು. ಚಳಿಗಾಲದ ಸಂಜೆ ಸಂಘದ ಮೇಜಿನ ಸುತ್ತ ನೆರೆದು, ಕಡತ ಬಿಚ್ಚಿ, ಹಾಳೆಗಳನ್ನು ಕೈಯಿಂದ ಕೈಗೆ ದಾಟಿಸುತ್ತ ನೋಡುವುದು ಒಂದು ಗೌರವದ ಹವ್ಯಾಸ. 1777ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ಫೆಲಿಕ್ಸ್ ಮೆರಿಟಿಸ್ ಸಂಘದಲ್ಲಿ ಚಿತ್ರಕಲೆಗೆ ಪ್ರತ್ಯೇಕ ವಿಭಾಗವಿತ್ತು. ಹೇಗ್‌ನ ಕಲಾವಿದರು 1847ರಲ್ಲಿ ಕಟ್ಟಿದ ಪುಲ್ಕ್ರಿ ಸ್ಟುಡಿಯೊ ಸಂಘದಲ್ಲೂ ಇಂಥ ಸಂಜೆಗಳು ನಡೆಯುತ್ತಿದ್ದವು. ಆದರೆ ಆ ಕಾಲದ ಹಾಳೆಗಳು ಹತ್ತಿರ ಹಿಡಿದು ನೋಡುವಂಥವು. ಅಚ್ಚುಕಟ್ಟಾದ ಗೆರೆ, ಅದರೊಳಗೆ ತುಂಬಿದ ತೆಳುಬಣ್ಣ. ಗೋಡೆಗೆ ತೂಗುಹಾಕಿ ದೂರದಿಂದ ನೋಡುವ ಜಲವರ್ಣ ಬರಲು ಇನ್ನೂ ಒಂದು ತಲೆಮಾರು ಕಾಯಬೇಕಾಯಿತು.

ಬಡಮನೆಯ ಮಗುವನ್ನು ಡಚ್ ಚಿತ್ರಕಲೆಯ ನಡುಮನೆಗೆ ಕರೆತಂದವನು ಯೋಜೆಫ್ ಇಸ್ರಾಯೆಲ್ಸ್. 1824ರಲ್ಲಿ ಖ್ರೋನಿಂಗೆನ್‌ನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಈತ ಆಮ್‌ಸ್ಟರ್‌ಡ್ಯಾಮಿನಲ್ಲೂ ಪ್ಯಾರಿಸ್‌ನಲ್ಲೂ ಕಲಿತು, ಮೊದಲಿಗೆ ಚರಿತ್ರೆಯ ವೀರರನ್ನು ಬರೆಯಲು ಹೊರಟಿದ್ದ. 1855ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲೆಂದು ಜಾಂಡ್‌ಫೋರ್ಟ್ ಎಂಬ ಮೀನುಗಾರರ ಊರಿನಲ್ಲಿ ತಂಗಿದಾಗ ಅವನ ಗಮನ ಬೇರೆ ಕಡೆ ತಿರುಗಿತು. ಮರುವರ್ಷವೇ ಬಂದ ಚಿತ್ರದಲ್ಲಿ ಬೆಸ್ತನೊಬ್ಬ ಒಂದು ಮಗುವನ್ನು ಎತ್ತಿಕೊಂಡು, ಇನ್ನೊಂದರ ಕೈಹಿಡಿದು, ತೀರಿಹೋದ ಹೆಂಡತಿಯ ಸಮಾಧಿಯನ್ನು ಹಾದುಹೋಗುತ್ತಾನೆ. ಚಿತ್ರದ ಅಳತೆ ರಾಜಮಹಾರಾಜರ ಚಿತ್ರಗಳಷ್ಟೇ ದೊಡ್ಡದು. ಬೆಸ್ತನಿಗೂ ಅವನ ಮಕ್ಕಳಿಗೂ ಅಷ್ಟು ಜಾಗ ಕೊಟ್ಟಿದ್ದೇ ಆಗ ಸುದ್ದಿಯಾಗುವಂಥ ಸಂಗತಿ. 1871ರಲ್ಲಿ ಇಸ್ರಾಯೆಲ್ಸ್ ಹೇಗ್‌ಗೆ ಬಂದು ನೆಲೆಸಿದ. 1872ರ ‘ಕಡಲ ಮಕ್ಕಳು’ ಚಿತ್ರದಲ್ಲಿ ಬರಿಗಾಲಿನ ಹುಡುಗರು ನೀರಿನಂಚಿನಲ್ಲಿ ಆಟದ ದೋಣಿ ತೇಲಿಸುತ್ತಿದ್ದಾರೆ. ದೊಡ್ಡವನ ಬೆನ್ನ ಮೇಲೆ ಚಿಕ್ಕ ಮಗುವಿದೆ. ಮುಂದೆ ಹೊರಬೇಕಾದ ಭಾರ ಈಗಲೇ ಹೆಗಲೇರಿದೆ ಎಂದು ನೋಡುಗರು ಓದಿಕೊಂಡರು. ಹಾಗೆ ಓದಿಕೊಳ್ಳಲಿ ಎಂದೇ ಬರೆದ ಚಿತ್ರ ಅದು.

ಹೇಗ್‌ನಲ್ಲಿ ಇಸ್ರಾಯೆಲ್ಸ್ ಸುತ್ತ ಆಗಲೇ ಒಂದು ಗುಂಪು ಸೇರುತ್ತಿತ್ತು. ಯಾಕೊಪ್, ಮಟೈಸ್, ವಿಲೆಮ್ ಎಂಬ ಮಾರಿಸ್ ಸಹೋದರರು, ಆಂಟನ್ ಮೌವ, ಹೆಂಡ್ರಿಕ್ ವಿಲೆಮ್ ಮೆಸ್ದಾಖ್, ವೈಸನ್‌ಬ್ರುಖ್, ಚರ್ಚುಗಳ ಒಳಾಂಗಣಕ್ಕೆ ಹೆಸರಾದ ಹಿರಿಯ ಯೊಹಾನೆಸ್ ಬೊಸ್‌ಬೋಮ್, ಹೀಗೆ. 1875ರಲ್ಲಿ ವಿಮರ್ಶಕ ಫಾನ್ ಸಾಂಟೆನ್ ಕೋಲ್ಫ್ ಇವರನ್ನು ಹೇಗ್ ಪಂಥ ಎಂದು ಕರೆದ; ಆ ಹೆಸರೇ ನಿಂತಿತು. ಬೂದು, ಕಂದು, ಮಾಸಲು ಹಸಿರು ಇವರ ಬಣ್ಣಗಳು. ವಸ್ತುವಿನ ಅಂಚಿಗಿಂತ ಅದನ್ನು ಸುತ್ತುವರಿದ ಗಾಳಿ, ತೇವ, ಬೆಳಕು ಇವರಿಗೆ ಮುಖ್ಯ. ಈ ಒಲವಿಗೆ ಜಲವರ್ಣ ಚೆನ್ನಾಗಿ ಒಗ್ಗಿತು.

ಅದಕ್ಕೆ ಬೇಕಾದ ಸಾಮಗ್ರಿಯೂ ಅಷ್ಟರಲ್ಲಿ ಸಿದ್ಧವಾಗಿತ್ತು. ಹಿಂದೆ ಜಲವರ್ಣವೆಂದರೆ ಗಟ್ಟಿ ಬಿಲ್ಲೆಯನ್ನು ನೀರಿನಲ್ಲಿ ತೇಯಬೇಕಿತ್ತು. 1830ರ ದಶಕದಲ್ಲಿ ಲಂಡನ್ನಿನ ವಿನ್ಸರ್ ಅಂಡ್ ನ್ಯೂಟನ್ ಕಂಪನಿ ಗ್ಲಿಸರಿನ್ ಬೆರೆಸಿದ ಮೆತ್ತನೆಯ ಬಿಲ್ಲೆಗಳನ್ನು ಮಾರತೊಡಗಿತು. ಒದ್ದೆ ಕುಂಚ ತಾಗಿಸಿದರೆ ಸಾಕು, ಬಣ್ಣ ಬರುತ್ತಿತ್ತು. 1834ರಲ್ಲಿ ಸತುವಿನಿಂದ ಮಾಡಿದ ಗಟ್ಟಿ ಬಿಳಿ, 1846ರಲ್ಲಿ ತಗಡಿನ ಕೊಳವೆಯಲ್ಲಿ ತುಂಬಿದ ಜಲವರ್ಣ ಬಂದವು. ಕಾಗದವೂ ದಪ್ಪವಾಯಿತು, ನೀರು ಕುಡಿದರೂ ಹರಿಯದಂತಾಯಿತು.

ಹೇಗ್‌ನವರು ಇದನ್ನೆಲ್ಲ ಬಳಸಿದ ರೀತಿ ಇಂಗ್ಲಿಷ್ ಗುರುಗಳು ಒಪ್ಪುವಂಥದ್ದಲ್ಲ. ಇಂಗ್ಲಿಷ್ ಪದ್ಧತಿಯಲ್ಲಿ ಕಾಗದದ ಬಿಳಿಯನ್ನು ಹಾಗೆಯೇ ಬಿಟ್ಟು ತೆಳುವಾದ ಪಾರದರ್ಶಕ ಪದರಗಳನ್ನು ಒಂದರ ಮೇಲೊಂದು ಹರಿಸಬೇಕು. ಇಸ್ರಾಯೆಲ್ಸ್ ಮತ್ತು ಅವನ ಜೊತೆಗಾರರು ಹಾಳೆಯನ್ನು ಪೂರ್ತಿ ಒದ್ದೆ ಮಾಡಿ ಬಣ್ಣ ಬಿಡುತ್ತಿದ್ದರು, ಸ್ಪಂಜಿನಿಂದ ಒರೆಸುತ್ತಿದ್ದರು, ಒಣಗಿದ ಮೇಲೆ ಕೆರೆಯುತ್ತಿದ್ದರು, ಬೇಕೆನಿಸಿದ ಕಡೆ ಬಿಳಿ ಬೆರೆಸಿದ ಗಟ್ಟಿ ಬಣ್ಣ ಮೆತ್ತುತ್ತಿದ್ದರು. ಇದರ ಫಲ ಒಳಾಂಗಣದ ಚಿತ್ರಗಳಲ್ಲಿ ಎದ್ದುಕಾಣುತ್ತದೆ. ಕತ್ತಲ ಕೋಣೆಯಲ್ಲಿ ಒಂದೇ ಕಿಟಕಿ. ಅದರ ಬೆಳಕು ತಾಯಿಯ ಬಿಳಿ ಟೋಪಿಯ ಮೇಲೆ, ಮಗುವಿನ ಕೆನ್ನೆಯ ಮೇಲೆ, ಬಟ್ಟಲಿನ ಅಂಚಿನ ಮೇಲೆ ತಂಗಿ, ಉಳಿದುದೆಲ್ಲ ಮಬ್ಬಿನಲ್ಲಿ ಕರಗುತ್ತದೆ. ಗೋಡೆ ಎಲ್ಲಿ ಮುಗಿಯಿತು, ಕಪಾಟು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ತೈಲವರ್ಣದಲ್ಲಿ ಇದೇ ಮಬ್ಬು ಹಲವೊಮ್ಮೆ ಜಿಡ್ಡಾಗಿ, ಭಾರವಾಗಿ ಕಾಣುತ್ತದೆ. ಇಸ್ರಾಯೆಲ್ಸ್‌ನ ದೊಡ್ಡ ತೈಲವರ್ಣಗಳ ದುಃಖ ಕೆಲವೊಮ್ಮೆ ಅತಿಯಾಗಿ, ನಾಟಕದಂತೆ ತೋರುವುದುಂಟು; ಜಲವರ್ಣಗಳಲ್ಲಿ ಆ ಅತಿ ಬಹಳ ಮಟ್ಟಿಗೆ ಇಲ್ಲ.

1876ರಲ್ಲಿ ಹೇಗ್‌ನ ಕಲಾವಿದರು ಜಲವರ್ಣ ಮತ್ತು ರೇಖಾಚಿತ್ರಗಳಿಗೆಂದೇ ಬೇರೊಂದು ಡಚ್ ಸಂಘವನ್ನು ಕಟ್ಟಿದರು. ಲಂಡನ್ನಿನಲ್ಲಿ ಜಲವರ್ಣಕಾರರ ಸಂಘ 1804ರಿಂದಲೇ ಇತ್ತು. ಬ್ರಸೆಲ್ಸ್‌ನಲ್ಲೂ ಶತಮಾನದ ನಡುವಿನಲ್ಲಿ ಒಂದು ಹುಟ್ಟಿತ್ತು. ಡಚ್ ಸಂಘ ವರ್ಷಕ್ಕೊಮ್ಮೆ ಪ್ರದರ್ಶನ ನಡೆಸಿತು. ಅದರ ಬೆನ್ನಿಗೇ ಜಲವರ್ಣ ತೈಲವರ್ಣದ ಪೂರ್ವತಯಾರಿ ಎಂಬ ಕೀಳರಿಮೆ ಬಿಟ್ಟು ಸ್ವತಂತ್ರ ಕೃತಿಯಾಯಿತು. ಚಿನ್ನದ ಚೌಕಟ್ಟೂ ಬಂತು, ಅದಕ್ಕೆ ತಕ್ಕ ಬೆಲೆಯೂ ಬಂತು.

ಬಾಲ್ಯದ ದೃಶ್ಯಗಳನ್ನೇ ಕಸುಬಾಗಿ ಮಾಡಿಕೊಂಡವರು ಇಸ್ರಾಯೆಲ್ಸ್‌ನ ನಂತರದವರು. ಬರ್ನಾರ್ಡ್ ಬ್ಲೊಮರ್ಸ್ (1845–1914) ಹೇಗ್‌ನ ಲಿಥೋಗ್ರಾಫರನ ಮಗ. ಕಲ್ಲಚ್ಚಿನ ಕೆಲಸದಲ್ಲೇ ಕೈ ಪಳಗಿಸಿಕೊಂಡವನು. ಸ್ಖೆವೆನಿಂಗೆನ್‌ನ ಬೆಸ್ತರ ಮನೆಗಳು ಅವನ ನೆಲ. ಇಸ್ರಾಯೆಲ್ಸ್ ಬೆಸ್ತರ ಮನೆಯಲ್ಲಿ ವಿಧವೆಯರನ್ನು ಕಂಡರೆ, ಬ್ಲೊಮರ್ಸ್ ಅಲ್ಲಿ ಕೇಕೆ ಹಾಕುವ ಮಕ್ಕಳನ್ನು ಕಂಡ. ಪಾವಡ ಎತ್ತಿಕೊಂಡು ಅಲೆಗೆ ಇಳಿಯುವ ಹುಡುಗಿಯರು, ಅಪ್ಪ ದೋಣಿಯಿಂದ ಬರುವುದನ್ನು ಕಾಯುವ ತಾಯಿಮಕ್ಕಳು, ಊಟದ ಮೇಜಿನ ಗದ್ದಲ, ಇವು ಅವನ ವಸ್ತು. ದಾವಿಡ್ ಆರ್ಟ್ಸ್ ಕಾಟ್‌ವೈಕ್‌ನ ಅನಾಥಾಲಯದಲ್ಲಿ ಹೊಲಿಗೆಗೆ ಕುಳಿತ ಹುಡುಗಿಯರನ್ನು ಬರೆದ. ಉಳ್ಳವರ ಮಕ್ಕಳು ಈ ಗುಂಪಿನ ಚಿತ್ರಗಳಲ್ಲಿ ಕಂಡರೆ ಅವು ಹೆಚ್ಚಾಗಿ ಕಲಾವಿದರ ಸ್ವಂತ ಮಕ್ಕಳೇ. ಯಾಕೊಪ್ ಮಾರಿಸ್ ಪಿಯಾನೊ ಮುಂದೆ ಕುಳಿತ ತನ್ನ ಹೆಣ್ಣುಮಕ್ಕಳನ್ನು ಬರೆದದ್ದು ಹಾಗೆ.

ಆಲ್ಬರ್ಟ್ ನ್ಯೋಹೌಸ್‌ನ (1844–1914) ಮೊದಲ ಕಸುಬೂ ಕಲ್ಲಚ್ಚೇ. ಉಟ್ರೆಖ್ಟ್‌ನಲ್ಲಿ ಹುಟ್ಟಿ, ಆಂಟ್‌ವರ್ಪ್ ಅಕಾಡೆಮಿಯಲ್ಲಿ ಕಲಿತು, 1876ರಲ್ಲಿ ಹೇಗ್‌ಗೆ ಬಂದವನು ಆರಂಭದಲ್ಲಿ ರೇಷ್ಮೆ ಉಟ್ಟ ಹೆಂಗಸರ ಚಿತ್ರಗಳಿಂದ ಹೊಟ್ಟೆ ಹೊರೆದ. 1880ರ ದಶಕದಲ್ಲಿ ಲಾರೆನ್‌ಗೆ ಹೋದ ಮೇಲೆ ರೇಷ್ಮೆ ಬಿಟ್ಟುಹೋಯಿತು. ತಾಯಿ, ಮಗು, ತೊಟ್ಟಿಲು, ಚರಕ ಉಳಿದವು. ಆಂಟನ್ ಮೌವ ಕೂಡ 1885ರಲ್ಲಿ ಲಾರೆನ್‌ಗೆ ಬಂದು ಅಲ್ಲಿನ ಕುರಿಮಂದೆಗಳನ್ನು ಬರೆದ. ಆಮ್‌ಸ್ಟರ್‌ಡ್ಯಾಮಿನ ಹೈನ್ ಕೇವರ್ (1854–1922) ನ್ಯೋಹೌಸ್‌ನ ದಾರಿಯಲ್ಲೇ ನಡೆದು, ಇನ್ನೂ ಬೆಚ್ಚಗಿನ ಕೆಂಪು ಬಣ್ಣ ಸೇರಿಸಿದ. ಹೆಂಗಸರಲ್ಲಿ ವಾಲಿ ಮೂಸ್ (1856–1918) ಲಾರೆನ್‌ನಲ್ಲೇ ನೆಲೆಸಿ, ಅಲ್ಲಿನ ಮಕ್ಕಳನ್ನೂ ಹೆಣಿಗೆ ಕಲಿಯುವ ಹುಡುಗಿಯರನ್ನೂ ಬರೆದಳು.

ಲಾರೆನ್ ಆಗ ಮರಳುನೆಲದ ಬಡ ಕ್ಯಾಥೊಲಿಕ್ ಹಳ್ಳಿ. ಸುತ್ತ ಕುರಿ ಮೇಯುವ ಬಯಲು, ಮನೆಗಳಲ್ಲಿ ನೂಲುವುದು, ನೇಯುವುದು. 1880ರ ದಶಕದ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಉಗಿ ಟ್ರಾಮ್ ಓಡಾಡತೊಡಗಿದಾಗ ಕಲಾವಿದರ ದಂಡೇ ಬಂತು. (ಅಪಘಾತಗಳ ಕಾರಣ ಜನ ಆ ಟ್ರಾಮಿಗೆ ಕೊಲೆಗಾರ ಎಂದು ಹೆಸರಿಟ್ಟಿದ್ದರು.) ಯಾನ್ ಹಾಮ್‌ಡೋರ್ಫ್ ಎಂಬಾತನ ಹೋಟೆಲು ಕಲಾವಿದರ ಬಿಡಾರವಾಯಿತು. ಬರ್ಲಿನ್‌ನ ಮ್ಯಾಕ್ಸ್ ಲೀಬರ್‌ಮನ್ ಇಲ್ಲಿಗೆ ಬಂದು 1887ರಲ್ಲಿ ಅಗಸೆನಾರು ನೂಲುವ ಕೊಟ್ಟಿಗೆಯ ದೊಡ್ಡ ಚಿತ್ರವನ್ನು ಮುಗಿಸಿದ. ಅದರಲ್ಲಿ ಹೆಂಗಸರು ನೂಲುತ್ತಿದ್ದರೆ, ರಾಟೆ ತಿರುಗಿಸುವ ಕೆಲಸ ಮಕ್ಕಳದು. ಹಳ್ಳಿಯವರಿಗೆ ಚಿತ್ರಕ್ಕೆ ಕೂರುವುದೂ ಒಂದು ಕೂಲಿ. ಅಲುಗದೆ ಕೂರುವುದು ಮಕ್ಕಳಿಗೆ ಆಗದ ಮಾತು. ನಿದ್ದೆಹೋದ ಕೂಸು, ಊಟದಲ್ಲಿ ಮುಳುಗಿದ ಹುಡುಗ, ಹೆಣಿಗೆಗೆ ತಲೆ ಬಗ್ಗಿಸಿದ ಹುಡುಗಿ ಇಷ್ಟೊಂದು ಚಿತ್ರಗಳಲ್ಲಿ ಬರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಎಲ್ಲ ಚಿತ್ರಗಳೂ ನಿಜವಾದ ಮನೆಯಲ್ಲಿ ಕುಳಿತು ಬರೆದವಲ್ಲ. ಇಸ್ರಾಯೆಲ್ಸ್ ಹೇಗ್‌ನ ತನ್ನ ಚಿತ್ರಶಾಲೆಯ ಒಂದು ಮೂಲೆಯನ್ನು ಬೆಸ್ತರ ಕೋಣೆಯಂತೆ ಸಜ್ಜುಗೊಳಿಸಿದ್ದ; ಹಳೆಯ ಸಾಮಾನು ತಂದಿಟ್ಟು, ಅದರ ನಡುವೆ ಮಾದರಿಗಳನ್ನು ಕೂರಿಸುತ್ತಿದ್ದ. ಹೀಗಾಗಿ ಈ ಜಲವರ್ಣಗಳನ್ನು ಫೋಟೋ ಎಂಬಂತೆ ನಂಬಲಾಗದು. ಆದರೂ ಸಾಮಾನುಗಳು ಸುಳ್ಳಲ್ಲ. ಮನೆ ಬದುಕಿನ ಚರಿತ್ರೆಗೆ ಅವು ಒಳ್ಳೆಯ ಆಕರ.

ಮೊದಲು ಎದ್ದುಕಾಣುವುದು ಗೋಡೆಯೊಳಗಿನ ಮಂಚ. ಬಾಗಿಲೋ ಪರದೆಯೋ ಇರುವ ಕಪಾಟಿನಂಥ ಗೂಡು. ರಾತ್ರಿ ಮುಚ್ಚಿಕೊಂಡರೆ ಮೈಯ ಬಿಸಿಯೇ ಒಳಗೆ ಉಳಿಯುತ್ತದೆ. ಅನೇಕ ಮನೆಗಳಲ್ಲಿ ತಂದೆತಾಯಿಯ ಕಾಲ ಕಡೆ ಒಂದು ಹಲಗೆ ಕಟ್ಟಿ, ಕೂಸನ್ನು ಅದರ ಮೇಲೆ ಮಲಗಿಸುತ್ತಿದ್ದರು. ತಾಯಿಯ ಪಾದದ ಕೆಳಗೆ ಒಂದು ಸಣ್ಣ ಮರದ ಪೆಟ್ಟಿಗೆ ಇರುತ್ತದೆ, ಮೇಲೆ ತೂತುಗಳು, ಒಳಗೆ ಪೀಟ್ ಎಂಬ ಉರುವಲಿನ ಕೆಂಡ ತುಂಬಿದ ಮಣ್ಣಿನ ಕುಡಿಕೆ. ತಣ್ಣನೆಯ ಹಾಸುನೆಲದ ಮನೆಯಲ್ಲಿ ಕಾಲು ಬೆಚ್ಚಗಿಡಲು ಇದೇ ಉಪಾಯ. ಮಗುವಿನ ಬಟ್ಟೆ ಒಣಗಿಸಲು ಕೆಂಡದ ಮೇಲೆ ಬೋರಲು ಹಾಕುವ ಬೆತ್ತದ ಬುಟ್ಟಿಯೂ ಇತ್ತು. ನಮ್ಮ ಮಲೆನಾಡಿನ ಮಳೆಗಾಲದ ಬಾಣಂತಿ ಕೋಣೆ ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕೂಸಿನ ಮರದ ಕುರ್ಚಿಯ ನಡುವೆ ತೂತು, ಅದರಡಿ ಮಡಕೆ. ಮುಂದೆ ಅಡ್ಡಪಟ್ಟಿ ಹಾಕಿದರೆ ಮಗು ಕೆಳಗಿಳಿಯಲಾರದು, ತಾಯಿ ನಿಶ್ಚಿಂತೆಯಿಂದ ನೂಲಬಹುದು. ಮೇಜಿನ ಮೇಲೆ ಹೆಚ್ಚಾಗಿ ಆಲೂಗಡ್ಡೆ, ಒಂದೇ ತಟ್ಟೆಯಲ್ಲಿ, ಎಲ್ಲರಿಗೂ ಸೇರಿ. ಬಡವರ ಮುಖ್ಯ ಆಹಾರ ಅದೇ. 1845ರಲ್ಲಿ ಬೆಳೆಗೆ ರೋಗ ತಗುಲಿದಾಗ ದೇಶವೇ ಕಂಗೆಟ್ಟಿತ್ತು. ಬಾಗಿಲ ಬಳಿ ಮರದ ಪಾದರಕ್ಷೆಗಳು ಸಾಲಾಗಿರುತ್ತವೆ. ಅವುಗಳ ಅಳತೆ ನೋಡಿ ಎಣಿಸಿದರೆ ಮನೆಯಲ್ಲಿ ಮಕ್ಕಳೆಷ್ಟು ಎಂಬುದು ತಿಳಿಯುತ್ತದೆ.

ಚಿತ್ರಗಳು ಬಿಟ್ಟುಬಿಟ್ಟದ್ದೂ ಕಡಿಮೆಯಲ್ಲ. 1870ರ ದಶಕದಲ್ಲಿ ಆ ದೇಶದಲ್ಲಿ ಹುಟ್ಟಿದ ಸುಮಾರು ಐದು ಶಿಶುಗಳಲ್ಲಿ ಒಂದು, ವರ್ಷ ತುಂಬುವ ಮೊದಲೇ ಸಾಯುತ್ತಿತ್ತು. ಕಡಲತೀರದ ಪಶ್ಚಿಮ ಪ್ರಾಂತ್ಯಗಳಲ್ಲಿ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಕುಡಿಯುವ ನೀರು ಒಳ್ಳೆಯದಿರಲಿಲ್ಲ, ಮೊಲೆಹಾಲಿನ ಬದಲು ಬೇಗನೆ ಗಂಜಿ ಕುಡಿಸುವ ರೂಢಿಯಿತ್ತು. ಅಂದರೆ ಚಿತ್ರಗಳಲ್ಲಿ ವಾತ್ಸಲ್ಯದ ಗುರುತಾಗಿ ಬರುವ ಆ ಗಂಜಿಯ ಬಟ್ಟಲೇ ಎಷ್ಟೋ ಮನೆಗಳಲ್ಲಿ ಕೂಸಿನ ಜೀವಕ್ಕೆ ಮುಳುವಾಗಿತ್ತು. ಖರೀದಿದಾರನಿಗೆ ಇದು ಗೊತ್ತಿರಲಿಲ್ಲ, ಬಹುಶಃ ಕಲಾವಿದನಿಗೂ.

ಮಕ್ಕಳ ದುಡಿಮೆಯ ಮಾತು ಬೇರೆ. ಅದು ಚಿತ್ರದಲ್ಲಿ ಇದೆ, ಆದರೆ ದುಡಿಮೆಯಾಗಿ ಕಾಣುವುದಿಲ್ಲ. ಸಾಮ್ಯುಯೆಲ್ ಫಾನ್ ಹೌಟೆನ್ ಎಂಬ ಉದಾರವಾದಿ ಸಂಸದ 1874ರಲ್ಲಿ ತಂದ ಕಾನೂನು ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಕಾರ್ಯಾಗಾರಗಳಲ್ಲಿ ದುಡಿಸುವುದನ್ನು ನಿಷೇಧಿಸಿತು. ಮನೆಗೆಲಸ, ಹೊಲದ ಕೆಲಸಗಳಿಗೆ ಅದು ಅನ್ವಯಿಸಲಿಲ್ಲ. 1889ರ ಕಾರ್ಮಿಕ ಕಾನೂನು ಹದಿನಾರರೊಳಗಿನವರ ಮತ್ತು ಹೆಂಗಸರ ದುಡಿಮೆಯನ್ನು ದಿನಕ್ಕೆ ಹನ್ನೊಂದು ಗಂಟೆಗೆ ಇಳಿಸಿತು. ಕಡ್ಡಾಯ ಶಿಕ್ಷಣದ ಮಸೂದೆ ಸಂಸತ್ತಿನ ಕೆಳಮನೆಯಲ್ಲಿ 1900ರಲ್ಲಿ 50ಕ್ಕೆ 49 ಮತಗಳಿಂದ ಪಾಸಾಯಿತು. ವಿರೋಧಿಸಬೇಕಿದ್ದ ಸದಸ್ಯನೊಬ್ಬ ಕುದುರೆಯಿಂದ ಬಿದ್ದು ಮನೆಯಲ್ಲೇ ಉಳಿದದ್ದರಿಂದ ಗೆದ್ದ ಕಾನೂನಿದು. ಹೀಗಾಗಿ ಡಚ್ ಶಾಲಾ ಚರಿತ್ರೆಯಲ್ಲಿ ಆ ಕುದುರೆಗೂ ಒಂದು ಜಾಗವಿದೆ. ಹೊಲದ ಕೆಲಸಕ್ಕೆ ರಜೆ ಪಡೆಯುವ ಅವಕಾಶ ಆ ಕಾನೂನಿನಲ್ಲೂ ಉಳಿಯಿತು. ಲಾರೆನ್‌ನ ಚಿತ್ರಗಳಲ್ಲಿ ಚರಕ ತಿರುಗಿಸುವ, ಕಾಲುಚೀಲ ಹೆಣೆಯುವ, ತಮ್ಮನನ್ನು ಸೊಂಟದ ಮೇಲೆ ಹೊತ್ತ ಏಳೆಂಟು ವರ್ಷದ ಹುಡುಗಿಯರನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಾನೂನು ಯಾವ ಕೆಲಸವನ್ನು ಕೆಲಸವೆಂದು ಎಣಿಸಲಿಲ್ಲವೋ ಅದನ್ನೇ ಚಿತ್ರಗಳು ಮನೆಯ ಅಂದವೆಂದು ತೋರಿಸಿದವು.

ಈ ಪಂಥದ ಬಳಿ ಕಲಿಯಲು ಬಂದ ವಿನ್ಸೆಂಟ್ ಫಾನ್ ಗೋಖ್‌ನ ಪ್ರಸಂಗ ಇಲ್ಲಿ ಹೇಳತಕ್ಕದ್ದು. 1881ರ ಕೊನೆಯಲ್ಲಿ ಅವನಿಗೆ ಜಲವರ್ಣದ ಮೊದಲ ಪಾಠ ಹೇಳಿಕೊಟ್ಟವನು ಆಂಟನ್ ಮೌವ. ಸಂಬಂಧದಲ್ಲಿ ಭಾವ, ಫಾನ್ ಗೋಖ್‌ನ ಸೋದರಸಂಬಂಧಿಯನ್ನು ಮದುವೆಯಾದವನು. ಅವರ ಗುರುಶಿಷ್ಯ ನಂಟು ಕೆಲವೇ ತಿಂಗಳಲ್ಲಿ ಹಳಸಿತು. ಹೇಗ್‌ನಲ್ಲಿ ಫಾನ್ ಗೋಖ್ ಸೀನ್ ಹೂರ್ನಿಕ್ ಎಂಬ ಬಡ ಹೆಂಗಸಿನೊಡನೆ ಸಂಸಾರ ಹೂಡಿದ. ಅವಳಿಗೆ ಒಬ್ಬ ಮಗಳಿದ್ದಳು, 1882ರ ಜುಲೈನಲ್ಲಿ ಗಂಡುಮಗು ಹುಟ್ಟಿತು. ತೊಟ್ಟಿಲ ಮುಂದೆ ಮಂಡಿಯೂರಿದ ಹುಡುಗಿಯ ಅವನ ರೇಖಾಚಿತ್ರ 1883ರದು. ವಸ್ತು ಇಸ್ರಾಯೆಲ್ಸ್‌ನದೇ, ಆದರೆ ಮಬ್ಬಿಲ್ಲ, ಬೆಚ್ಚಗಿನ ಬಣ್ಣವಿಲ್ಲ. ಕರಿ ಗೆರೆಗಳು ಒರಟಾಗಿ ತೊಟ್ಟಿಲನ್ನು ಕಟ್ಟುತ್ತವೆ. ಇತರರು ಮಾದರಿಗೆ ಕೂಲಿ ಕೊಟ್ಟು ಬರೆದ ಬಡತನದಲ್ಲಿ ಇವನು ಬಾಡಿಗೆದಾರನಾಗಿದ್ದ. ಆ ಚಿತ್ರವನ್ನು ಆಗ ಯಾರೂ ಕೊಳ್ಳಲಿಲ್ಲ.

ಕೊಳ್ಳುವವರು ಯಾರೆಂಬುದು ಈ ಕಥೆಯ ದೊಡ್ಡ ಭಾಗ. ಚಿತ್ರಗಳ ವ್ಯಾಪಾರ ಮಾಡುತ್ತಿದ್ದ ಪ್ಯಾರಿಸ್‌ನ ಗೂಪಿಲ್ ಕಂಪನಿಗೆ 1861ರಿಂದ ಹೇಗ್‌ನಲ್ಲಿ ಶಾಖೆಯಿತ್ತು. ಫಾನ್ ಗೋಖ್‌ನ ದೊಡ್ಡಪ್ಪನ ಅಂಗಡಿಯೇ ಆ ಶಾಖೆಯಾಗಿ, ಮುಂದೆ ಅದರ ಚುಕ್ಕಾಣಿ ಹೆರ್ಮಾನುಸ್ ಟೆರ್‌ಸ್ಟೇಖ್ ಕೈಗೆ ಬಂತು. ಅವನ ಮೂಲಕ ಹೇಗ್‌ನ ಹಾಳೆಗಳು ಲಂಡನ್, ಗ್ಲಾಸ್ಗೋ, ನ್ಯೂಯಾರ್ಕ್‌ಗಳಿಗೆ ಹೋದವು. ಸ್ಕಾಟ್ಲೆಂಡಿನ ಡೇನಿಯಲ್ ಕಾಟಿಯರ್‌ನಂಥ ವ್ಯಾಪಾರಿಗಳು ತಮ್ಮ ನಾಡಿನ ಸಿರಿವಂತರಿಗೆ ಇವುಗಳ ರುಚಿ ಹತ್ತಿಸಿದರು. 1886ರ ಎಡಿನ್‌ಬರೋ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಫ್ರೆಂಚ್ ಮತ್ತು ಡಚ್ ಚಿತ್ರಗಳಿಗೆಂದೇ ವಿಶೇಷ ವಿಭಾಗವಿತ್ತು. ಹಡಗು, ಜವಳಿಗಳಿಂದ ಹಣ ಮಾಡಿದ ಸ್ಕಾಟರು, ಮಾಂಟ್ರಿಯಲ್‌ನ ರೈಲ್ವೆ ಧಣಿಗಳು ಇವುಗಳ ಮುಖ್ಯ ಗಿರಾಕಿಗಳು. ಪ್ರೊಟೆಸ್ಟಂಟ್ ಮನೆಯ ಊಟದ ಕೋಣೆಯಲ್ಲಿ ಯೇಸುವಿನ ತಾಯಿ ಮರಿಯಳ ಚಿತ್ರ ಹಾಕುವಂತಿಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡ ಬೆಸ್ತರ ಹೆಂಗಸಿನ ಚಿತ್ರ ಹಾಕಬಹುದು. ಇಸ್ರಾಯೆಲ್ಸ್‌ನ ಅಂಥದೊಂದು ಚಿತ್ರ ‘ಗುಡಿಸಲ ಮಡೋನ್ನಾ’ ಎಂಬ ಹೆಸರಿನಲ್ಲೇ ಇಂದು ಡೆಟ್ರಾಯಿಟ್‌ನಲ್ಲಿದೆ. ಬೇಡಿಕೆ ಹೆಚ್ಚಿದಷ್ಟೂ ಪುನರಾವೃತ್ತಿ ಹೆಚ್ಚಿತು. ನ್ಯೋಹೌಸ್ ಮತ್ತು ಕೇವರ್‌ರ ಕೊನೆಯ ವರ್ಷಗಳ ಹಾಳೆಗಳಲ್ಲಿ ಅದೇ ಕಿಟಕಿ, ಅದೇ ತೊಟ್ಟಿಲು, ಅದೇ ಕೆಂಪು ಕುಪ್ಪಸ ಅದಲುಬದಲಾಗಿ ಬರುತ್ತವೆ. ಕೈಚಳಕ ಕುಂದಿಲ್ಲ, ಹೊಸದಾಗಿ ನೋಡುವ ಕಣ್ಣು ಕುಂದಿದೆ.

ಅಷ್ಟರಲ್ಲಿ ಮಗು ಮನೆಯಿಂದ ಹೊರಗೆ ಬಂದಿತ್ತು. ಇಸ್ರಾಯೆಲ್ಸ್‌ನ ಮಗ ಇಸಾಕ್ (1865–1934) ಅದೇ ಸ್ಖೆವೆನಿಂಗೆನ್ ಮರಳಿನಲ್ಲಿ ಕತ್ತೆ ಸವಾರಿ ಮಾಡುವ ಪಟ್ಟಣದ ಹುಡುಗಿಯರನ್ನು ಶತಮಾನದ ತಿರುವಿನಲ್ಲಿ ಬರೆದ. ಬಿಳಿ ಫ್ರಾಕು, ಹುಲ್ಲಿನ ಟೋಪಿ, ಬಿಸಿಲು. ಅಪ್ಪ ಬರೆದ ಬೆಸ್ತರ ತೀರ ಮಗನ ಕಾಲಕ್ಕೆ ವಿಹಾರಧಾಮವಾಗಿತ್ತು. 1911ರಲ್ಲಿ ಯೋಜೆಫ್ ಇಸ್ರಾಯೆಲ್ಸ್, 1914ರಲ್ಲಿ ಬ್ಲೊಮರ್ಸ್ ಮತ್ತು ನ್ಯೋಹೌಸ್ ತೀರಿಕೊಂಡರು. ಮೊದಲ ಮಹಾಯುದ್ಧದ ನಂತರ ಸಂಗ್ರಾಹಕರ ಒಲವು ಫ್ರೆಂಚ್ ಚಿತ್ರಗಳ ಕಡೆ ತಿರುಗಿ, ಈ ಹಾಳೆಗಳ ಬೆಲೆ ಕುಸಿಯಿತು.

ಉಳಿದವುಗಳಲ್ಲಿ ಬಹಳಷ್ಟು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಡ್ರುಕರ್ ದಂಪತಿ ಕೊಟ್ಟ ದೊಡ್ಡ ಸಂಗ್ರಹ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ಹೇಗ್‌ನ ಕಲಾ ಸಂಗ್ರಹಾಲಯ, ಮೆಸ್ದಾಖ್ ಸಂಗ್ರಹ, ಗ್ಲಾಸ್ಗೋದ ಬರೆಲ್ ಸಂಗ್ರಹ, ಲಾರೆನ್‌ನ ಸಿಂಗರ್ ಮ್ಯೂಸಿಯಮ್ಮುಗಳಲ್ಲೂ ಈ ಪಂಥದ ಕೃತಿಗಳಿವೆ. ಬೆಳಕು ತಾಗಿದಷ್ಟೂ ಜಲವರ್ಣ ಮಾಸುತ್ತದೆ, ಕಾಗದ ಹಳದಿಯಾಗುತ್ತದೆ. ಅದಕ್ಕಾಗಿ ಇವನ್ನು ಸುಮಾರು 50 ಲಕ್ಸ್ ಮಂದ ಬೆಳಕಿನಲ್ಲಿ ಕೆಲವು ತಿಂಗಳು ಮಾತ್ರ ಪ್ರದರ್ಶಿಸಿ, ಮತ್ತೆ ಪೆಟ್ಟಿಗೆಗಳಲ್ಲಿ ಇಡಲಾಗುತ್ತದೆ. ಮುಂಚಿತವಾಗಿ ಕೇಳಿಕೊಂಡರೆ ಅಂಥ ಸಂಗ್ರಹಾಲಯಗಳ ಅಧ್ಯಯನ ಕೊಠಡಿಯಲ್ಲಿ ಹಾಳೆಗಳನ್ನು ತೆಗೆದು ತೋರಿಸುತ್ತಾರೆ.